ಇಪ್ಪತ್ತೈದು ಕಿಲೋಮೀಟರಿನ ಸ್ವಾತಂತ್ರ್ಯ

ಹೊಸ ತಿಪ್ಪಸಂದ್ರದ ನಮ್ಮ ಮನೆಯ ಮುಂದೆ, ತುಳಸಿ ಕುಂಡಕ್ಕೆ ಒತ್ತಿಕೊಂಡು ನಿಂತಿರುವ ಎಲೆಕ್ಟ್ರಿಕ್ ಸ್ಕೂಟರಿಗೆ ನಂಬರ್ ಪ್ಲೇಟಿಲ್ಲ. ಅದನ್ನು ಓಡಿಸುವ ನನಗೆ ಲೈಸೆನ್ಸೂ ಇಲ್ಲ. ಗಾಬರಿಯಾಗಬೇಡಿ, ಎರಡೂ ಕಾನೂನಿನ ಪ್ರಕಾರವೇ. ಮೋಟಾರಿನ ಬಲ ಇನ್ನೂರೈವತ್ತು ವ್ಯಾಟ್ ಮೀರದೆ, ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟದೆ ಇದ್ದರೆ, ಅಂಥ ಗಾಡಿಯನ್ನು ಕಾಯ್ದೆ ಸೈಕಲ್ಲಿನ ಸಾಲಿನಲ್ಲಿ ಕೂರಿಸಿ ಸುಮ್ಮನಾಗುತ್ತದೆ.

ಮದುವೆಯಾದಂದಿನಿಂದ ನಾನು ಈ ಊರನ್ನು ನೋಡಿದ್ದೆಲ್ಲ ನಮ್ಮ ಯಜಮಾನರ ಬೆನ್ನಿನ ಆಚೀಚೆಯಿಂದ. ವಿಮಾನಪುರದ ಕಾರ್ಖಾನೆಯಲ್ಲಿ ಎಂಜಿನ್‌ಗಳ ಸದ್ದಿನ ನಡುವೆಯೇ ದುಡಿದು ನಿವೃತ್ತರಾದ ಅವರು, ಕಣ್ಣು ಮಂಜಾಗಿ ಬೈಕು ಬಿಟ್ಟ ಮೇಲೆ, ಶಿವಾಜಿನಗರದಿಂದ ಬಟ್ಟೆ ತಂದು ಹೊಲಿಯುವ ನನ್ನ ಕಸುಬು ಆಟೋದವರ ಮರ್ಜಿಗೆ ಬಿತ್ತು. ಆಗ ಕೊಂಡದ್ದು ಈ ಸ್ಕೂಟರು. ಅವರಿಗೆ ಹಿಡಿಸಲಿಲ್ಲ.

“ಇದೂ ಒಂದು ಮೋಟಾರೇನೇ? ಮಿಕ್ಸಿಗೆ ಹಾಕಿದ್ರೆ ಸರಿಹೋಗುತ್ತೆ. ಮೆಕ್ಯಾನಿಕ್‌ಗೆ ಹೇಳಿ, ಇಪ್ಪತ್ತೈದಕ್ಕೇ ತಡೆಯೋ ಆ ವೇಗದ ಲಾಕ್ ತೆಗೆಸ್ಬಿಡು.”

“ತೆಗೆಸಿದ್ರೆ ನಂಬರ್ ಬೇಕು, ಲೈಸೆನ್ಸ್ ಬೇಕು. ನಾನು ಹೀಗೇ ಹೋಗ್ತೀನಿ ರೀ.”

ಅವರ ಮಾತಿಗೆ ನಾನು ಇಲ್ಲ ಎಂದದ್ದು ಅಪರೂಪ. ಆ ಮಧ್ಯಾಹ್ನ ಊಟವನ್ನು ಅವರು ತಾವೇ ಬಡಿಸಿಕೊಂಡು ಉಂಡರು.

ಕೆಲವು ದಿನಗಳ ಮೇಲೆ ಅವರನ್ನು ಹಿಂದೆ ಕೂರಿಸಿಕೊಂಡು ಹಲಸೂರಿನ ಕಣ್ಣಿನ ಡಾಕ್ಟರ ಹತ್ತಿರ ಹೊರಟೆ. ಕೆರೆಯ ಬದಿಯಲ್ಲಿ ಸಂಚಾರ ಪೊಲೀಸರು ಕೈ ಅಡ್ಡ ಹಿಡಿದರು. ಲಾಕ್ ಕಿತ್ತು ಓಡಿಸುತ್ತಿದ್ದ ಗಾಡಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ಗಾಡಿಯ ಬಲ, ವೇಗ ಬರೆದಿದ್ದ ಕಂಪನಿಯ ಕಾಗದ ತೋರಿಸಿದೆ.

“ಕಾಗದ ಎಲ್ಲರೂ ತೋರಿಸ್ತಾರಮ್ಮ. ಕೀ ಕೊಡಿ, ಓಡಿಸಿ ನೋಡ್ತೀನಿ,” ಎಂದು ಸಬ್ ಇನ್‌ಸ್ಪೆಕ್ಟರು ತಾವೇ ಹತ್ತಿದರು. ಒಂದು ಸುತ್ತು ಹೋಗಿ ಬಂದವರ ಮುಖದಲ್ಲಿ ನಗುವಿತ್ತು. “ಎಷ್ಟು ತಿರುವಿದ್ರೂ ಇಪ್ಪತ್ತೈದರ ಮೇಲೆ ಏಳಲ್ಲ. ಹೊರಡಿ.”

ನಾನು ಕೀ ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ನಮ್ಮವರ ದನಿ ಕೇಳಿತು: “ಲಾಕ್ ತೆಗೆಸು ಅಂತ ನಾನೇ ಹೇಳಿದ್ದೆ ಸಾರ್. ಇವಳು ಕೇಳಲಿಲ್ಲ.” ಆ ದನಿಯಲ್ಲಿ ದೂರಿರಲಿಲ್ಲ, ನೆಂಟರ ಮುಂದೆ ಮಕ್ಕಳ ಅಂಕ ಹೇಳುವಾಗಿನ ಹೆಮ್ಮೆಯಿತ್ತು.

ಬಲವಾದ ಮೋಟಾರು, ಮಿಂಚಿನ ವೇಗ ಎಂದು ತಯಾರಕರು ಜಾಹೀರಾತಿನಲ್ಲಿ ಕೂಗಿಕೊಳ್ಳುತ್ತಾರೆ. ಕೂಗಲಿ. ಎಲ್ಲರೂ ಮೂಗು ಮುರಿಯುವ ಈ ಕೊನೆಯ ದರ್ಜೆಯೇ, ಐವತ್ತು ದಾಟಿದ ನನ್ನಂಥವಳ ಕೈಗೆ ಯಾರನ್ನೂ ಕೇಳದೆ ರಸ್ತೆಯನ್ನು ಕೊಟ್ಟಿತು. ನನ್ನನ್ನು ಹಿಂದೆ ಹಾಕಿ ಹೋದವರೆಲ್ಲ ಮುಂದಿನ ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ಸಿಗುತ್ತಾರೆ.

ಡಾಕ್ಟರಲ್ಲಿಗೆ ಹೋಗಿಬಂದ ಮರುದಿನ ಬಟ್ಟೆ ತರಲು ಶಿವಾಜಿನಗರಕ್ಕೆ ಒಬ್ಬಳೇ ಹೊರಟಾಗ ಅವರು ಕೇಳಿದರು, “ಎಷ್ಟೊತ್ತಿಗೆ ಬರ್ತೀಯಾ?”

“ಕೆಲಸ ಮುಗಿದ್ಮೇಲೆ,” ಎಂದೆ.

ಅವರು ಹೋಗಿ ಗೇಟು ತೆರೆದು ಹಿಡಿದುಕೊಂಡರು.