ಆರು ಗಂಟೆಯವರೆಗೆ ಕಾರುಗಳ ವರ್ಣನೆ

ಕಂಪನಿಯ ಹೆಸರು ಹೇಳುವುದಿಲ್ಲ. ಪುಕ್ಕಟೆ ಜಾಹೀರಾತು ಕೊಡುವಷ್ಟು ಉಪಕಾರ ಅವರು ನನಗೆ ಮಾಡಿಲ್ಲ. ಆದರೆ ಅವರು ಈಗ ಮಾರುತ್ತಿರುವ ಅಷ್ಟೂ ಕಾರುಗಳು, ಚಿಕ್ಕದರಿಂದ ದೊಡ್ಡದರವರೆಗೆ, ನನಗೆ ಬಾಯಿಪಾಠ. ನಮ್ಮ ಕಾಲೇಜಿನಲ್ಲಿ ಈ ವಿಷಯಕ್ಕೆ ಪರೀಕ್ಷೆ ಇದ್ದಿದ್ದರೆ ಇಷ್ಟು ಹೊತ್ತಿಗೆ ನನ್ನ ಮೆರವಣಿಗೆ ಮುಗಿದು ಆನೆಗೂ ಸುಸ್ತಾಗಿರುತ್ತಿತ್ತು.

ಅಪ್ಪ ಲಕ್ಷ್ಮೀಪುರಂನ ಒಂದು ಮನೆಯಲ್ಲಿ ಡ್ರೈವರ್. ಆ ಮನೆಯ ಯಜಮಾನರಿಗೆ ಕಲ್ಯಾಣ ಮಂಟಪವಿದೆ. ಬೆಳಿಗ್ಗೆ ಅವರ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡುವುದು ಅಪ್ಪನ ಮೊದಲ ಕೆಲಸ. ನನ್ನ ಕಾಲೇಜೂ ಅದೇ ದಾರಿಯಲ್ಲಿರುವುದರಿಂದ ನಾನು ಮುಂದಿನ ಎಡ ಸೀಟಿನಲ್ಲಿ ಕೂರುತ್ತಿದ್ದೆ. ಹಾಗೆಂದು ಎಲ್ಲರೂ ತಿಳಿದಿದ್ದರು. ನಿಜ ಏನೆಂದರೆ, ಸಕ್ಕರೆ ಕಾಯಿಲೆ ಅಪ್ಪನ ಎಡಗಣ್ಣನ್ನು ತಿಂದು ಮುಗಿಸಿತ್ತು. ಇನ್ನು ಆ ಕಣ್ಣು ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿದ್ದವನು ನಾನೊಬ್ಬನೇ. ಅಮ್ಮನಿಗೂ ಗೊತ್ತಿರಲಿಲ್ಲ. ಅಂದಿನಿಂದ ಕಾರಿನಲ್ಲಿ ನನ್ನ ಬಾಯಿ ಮುಚ್ಚಿದ್ದೇ ಇಲ್ಲ. "ಅಪ್ಪಾ, ಆ ಆಟೋದವನ ಮೀಸೆ ನೋಡು", "ಎಡಗಡೆ ಬರ್ತಿರೋ ಸ್ಕೂಟರ್ ಆಂಟಿ ಮದುವೆಗೆ ಹೊರಟಂಗವ್ಳೆ" ಎಂದು ಒಂದೇ ಸಮನೆ ಒದರುತ್ತಿದ್ದೆ. ಹಿಂದೆ ಕೂತ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಅಪ್ಪ ಮಾತ್ರ ನಗದೆ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಎಳೆಯುತ್ತಿದ್ದರು.

ಒಂದು ಶುಕ್ರವಾರ ಯಜಮಾನರು ಹೊಸ ಕಾರು ನೋಡಲು ಹೊರಟರು. ಜೊತೆಗೆ ಅಮ್ಮಾವ್ರು, ಅಂದರೆ ಅವರ ಹೆಂಡತಿ. ಕಾರಿನ ಪಂಡಿತನೆಂದು ನನ್ನನ್ನೂ ಕರೆದರು. ಬನ್ನಿಮಂಟಪದ ಆಚೆಯ ಶೋರೂಮಿನಲ್ಲಿ ಕಾಲಿಡುತ್ತಲೇ ಯಜಮಾನರು, "ಏನಯ್ಯಾ, ನಾಳೆ ಓಡ್ಸೋನು ನೀನು. ನೀನೇ ಒಂದು ರೌಂಡ್ ಹೊಡ್ಕೊಂಡು ಬಾ" ಎಂದುಬಿಟ್ಟರು.

ಅಪ್ಪನ ಮುಖ ಒಣಗಿತು. ಹಳೆಯ ಕಾರಿನ ಅಗಲ ಅವರಿಗೆ ಮೈಯಲ್ಲೇ ಗೊತ್ತಿತ್ತು. ಇದು ಹೊಸದು, ಪಕ್ಕದಲ್ಲಿ ಕೂರುವವರು ನಾನಲ್ಲ, ಶೋರೂಮಿನ ಮೇಡಂ. ಗೋಡೆಯ ಮೇಲೆ ಆರರ ನಂತರ ಟೆಸ್ಟ್ ಡ್ರೈವ್ ಇಲ್ಲ ಎಂದು ಬರೆದಿತ್ತು. ಆರಾಗಲು ಇನ್ನೂ ಹೊತ್ತಿತ್ತು.

"ಸಾರ್, ಯಾವ್ದು ಅಂತ ಗೊತ್ತಾಗ್ದೆ ಏನ್ ಓಡ್ಸದು? ಮೊದ್ಲು ಎಲ್ಲಾನೂ ನೋಡ್ಬುಡಣ" ಎಂದು ಶುರು ಮಾಡಿದೆ.

ಅತಿ ಚಿಕ್ಕ ಸೆಡಾನ್ ಮುಂದೆ ನಿಂತು, ಇದು ಶ್ರೀಮಂತರಾಗಲು ಅರ್ಜಿ ಹಾಕಿದವರಿಗೆ ಎಂದೆ. ನಡುವಿನದು ಅರ್ಜಿ ಮಂಜೂರಾದವರಿಗೆ. ಉದ್ದನೆಯ ದೊಡ್ಡ ಸೆಡಾನಿನ ಹಿಂದಿನ ಸೀಟು ಮಂಚದಂತೆ ಚಾಚುತ್ತದೆ, ಬೆನ್ನು ಒತ್ತುತ್ತದೆ, ಡ್ರೈವರ್ ಜೊತೆ ಮಾತಾಡಬೇಕೆಂದರೆ ಫೋನೇ ಮಾಡಬೇಕು. ಅಮ್ಮಾವ್ರು ಬಾಯಿಗೆ ಸೆರಗು ಹಿಡಿದು ನಕ್ಕರು. ಜೀಪಿನಂಥವು ಮೂರು. ಮೂರರಲ್ಲಿ ದೊಡ್ಡದು ನಮ್ಮ ಲಷ್ಕರ್ ಮೊಹಲ್ಲಾದ ಗಲ್ಲಿಗೆ ಬಂದರೆ ಅದು ಹೋಗುವವರೆಗೂ ಎರಡೂ ಕಡೆಯವರು ಬಾಗಿಲು ತೆಗೆಯುವಂತಿಲ್ಲ. ಕರೆಂಟಿನ ಕಾರು ಎಷ್ಟು ಸದ್ದಿಲ್ಲದೆ ಬರುತ್ತದೆಂದರೆ ರಸ್ತೆಯಲ್ಲಿ ಮಲಗಿದ ಹಸು ಏಳುವ ಬದಲು ಮಗ್ಗುಲು ಬದಲಾಯಿಸುತ್ತದೆ. ಕೊನೆಗೆ ಎರಡೇ ಬಾಗಿಲಿನ, ಚಾವಣಿ ಮಡಚುವ ಕಾರು. ತಲೆ ಮೇಲೆ ಸೂರಿಲ್ಲದ್ದಕ್ಕೆ ಎಲ್ಲಕ್ಕಿಂತ ಜಾಸ್ತಿ ದುಡ್ಡು. ನಮ್ಮ ಕಡೆ ಸೂರಿಲ್ಲದವರನ್ನು ಯಾರೂ ಇಷ್ಟು ಗಾಜು ಒರೆಸಿ ನಿಲ್ಲಿಸುವುದಿಲ್ಲ.

"ಇವ್ನಿಗೆ ನಮ್ಮಲ್ಲೇ ಕೆಲ್ಸ ಕೊಡ್ಬೇಕು ಸಾರ್" ಎಂದು ಮೇಡಂ ಗಡಿಯಾರ ನೋಡಿದರು. "ಟೆಸ್ಟ್ ಡ್ರೈವ್ ಇನ್ನು ನಾಳೆನೇ."

ಗೆದ್ದೆ ಎಂದುಕೊಂಡೆ. ನಾಳೆಗೆ ಇನ್ನೊಂದು ಕಥೆ ಕಟ್ಟಿದರಾಯಿತು.

ಯಜಮಾನರಿಗೆ ನಡುವಿನ ಬಿಳಿ ಜೀಪು ಹಿಡಿಸಿತ್ತು. ಅಮ್ಮಾವ್ರು ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದು ಬಾನೆಟ್ಟಿನ ಮೇಲಿಟ್ಟರು. "ಶುಕ್ರವಾರ ಕಣ್ರೀ, ಇವತ್ತೇ ಬುಕ್ ಮಾಡ್ಬುಡಿ. ಬಾಪ್ಪಾ, ಓಡ್ಸೋ ಕೈ ನಿಂದು. ನೀನೇ ಇಡು."

ಅಪ್ಪ ಚಪ್ಪಲಿ ಬಿಟ್ಟು ಬಂದರು. ಉಂಗುರದ ಬೆರಳಿಗೆ ಕುಂಕುಮ ಹಚ್ಚಿಕೊಂಡು ಮುಂಭಾಗದ ಲಾಂಛನಕ್ಕೆ ಇಡಲು ಹೋದರು. ಒಂದೇ ಕಣ್ಣಿನ ಅಳತೆ ತಪ್ಪಿ ಬೆರಳು ಗೇಣು ದೂರದಲ್ಲೇ, ಬರೀ ಗಾಳಿಯಲ್ಲಿ ನಿಂತಿತು. ಒತ್ತಿದರು. ಏನೂ ತಗುಲಲಿಲ್ಲ. ಮತ್ತೆ ಒತ್ತಿದರು.

"ಯಾಕಪ್ಪಾ, ಹೊಸಾ ಗಾಡಿ ನೋಡಿ ನಾಚ್ಕೆನಾ?" ಎಂದು ಅಮ್ಮಾವ್ರು ನಕ್ಕರು.

ಅಪ್ಪ ಮುಂದಕ್ಕೆ ಜೋಲಿ ಹೊಡೆದರು. ಅಂಗೈ ಬಾನೆಟ್ಟಿಗೆ ಬಡಿದು, ಭರಣಿ ಉರುಳಿ, ಬಿಳಿ ಬಣ್ಣದ ಮೇಲೆಲ್ಲ ಕೆಂಪು ಹರಡಿತು.

ಯಜಮಾನರು ನಗಲಿಲ್ಲ. ಕರ್ಚೀಫು ತೆಗೆದು ಅಪ್ಪನ ಎಡಗಡೆಗೆ ಹೋಗಿ ಕೆನ್ನೆಯ ಹತ್ತಿರವೇ ಹಿಡಿದು ನಿಂತರು. ಅಪ್ಪ ತಮ್ಮ ಕೆಂಪು ಕೈಯನ್ನೇ ನೋಡುತ್ತಿದ್ದರು. ಕರ್ಚೀಫು ಅಲ್ಲಾಡಿತು. ಅಪ್ಪ ತಿರುಗಲಿಲ್ಲ.

"ಯಾವಾಗಿಂದ?" ಎಂದರು ಯಜಮಾನರು.

ಅಪ್ಪ ಬೆಚ್ಚಿ ಆ ಕಡೆ ತಿರುಗಿದರು. "ಯುಗಾದಿಯಿಂದ ಸಾರ್. ಒಂದೇ ಕಣ್ಣು. ಇನ್ನೊಂದು ಚೆನ್ನಾಗೇ ಅದೆ."

"ನನ್ನ ಮೊಮ್ಮಕ್ಳು ಇರ್ತಿದ್ರಲ್ಲಯ್ಯಾ ಗಾಡಿಲಿ."

"ಇವ್ನು ಹೇಳ್ಕೊಡ್ತಿದ್ದ ಸಾರ್."

ಯಜಮಾನರು ನನ್ನನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹಳೆಯ ಕಾರಿನ ಕೀಗಾಗಿ ಕೈ ಚಾಚಿದರು, ಈ ಸಲ ಬಲಗಡೆಯಿಂದ.

ವಾಪಸು ಬರುವಾಗ ಅವರೇ ಓಡಿಸಿದರು. ಅಪ್ಪ ಎಡ ಸೀಟಿನಲ್ಲಿ ನೆಂಟರಂತೆ ಮಂಡಿ ಜೋಡಿಸಿ ಕೂತಿದ್ದರು. ಸಿಗ್ನಲ್ ಬಂದಾಗಲೆಲ್ಲ ಅವರ ಬಲಗಾಲು ಬರೀ ನೆಲವನ್ನು ತುಳಿಯುತ್ತಿತ್ತು. ನಮ್ಮ ಗಲ್ಲಿಯ ಮೂಲೆಯಲ್ಲಿ ಕಾರು ನಿಂತಿತು.

"ನಾಳೆಯಿಂದ ಬರ್ಬೇಡ. ಆಸ್ಪತ್ರೆ ಖರ್ಚು ಏನಾದ್ರೂ ಇದ್ರೆ ಹೇಳು" ಎಂದರು ಯಜಮಾನರು, ರಸ್ತೆ ನೋಡುತ್ತ.

"ಆಗ್ಲಿ ಸಾರ್."

ಅಪ್ಪ ಇಳಿದರು. ಇಳಿದವರು ಗಲ್ಲಿಯ ಕಡೆ ತಿರುಗಲಿಲ್ಲ. ಕಾರಿನ ಹಿಂದಿನಿಂದ ಸುತ್ತಿಕೊಂಡು ಹೋಗಿ, ದಿನಾ ಮಾಡುವಂತೆ ಅಮ್ಮಾವ್ರ ಕಡೆಯ ಬಾಗಿಲು ತೆಗೆದು, ಅದನ್ನು ಹಿಡಿದು ಪಕ್ಕಕ್ಕೆ ಸರಿದು ನಿಂತರು.

"ಬಾಗ್ಲು ಹಾಕಪ್ಪಾ" ಎಂದರು ಅಮ್ಮಾವ್ರು ಮೆತ್ತಗೆ. "ನಾವಿನ್ನೂ ಮನೆಗೆ ಹೋಗ್ಬೇಕು."