ಕರಕಿ ಬೆಳೆಸಿದ ಸಿದ್ದರಾಯ ಹೇಳದೆ ಉಳಿದ ಮಾತು

ಬೆಳಗಿನ ಐದೂವರೆ. ಮುದ್ದೇಬಿಹಾಳದ ನಿಲ್ದಾಣದಲ್ಲಿ ಬಿಜಾಪುರದ ಮೊದಲ ಬಸ್ಸು ಇನ್ನೂ ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ಊರಂಚಿನ ಕಾಲೇಜು ಮೈದಾನದಲ್ಲಿ ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಒಬ್ಬರು ಚಪ್ಪಲಿಯನ್ನು ಗೋಲು ಕಂಬದ ಬುಡದಲ್ಲಿ ಬಿಟ್ಟು, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುತ್ತಿದ್ದಾರೆ. ವಾಯುವಿಹಾರದ ನಡಿಗೆಯಲ್ಲ ಅದು. ಈ ಗೋಲಿನಿಂದ ಆ ಗೋಲಿಗೆ ನೂರಾ ಮೂವತ್ತು ಹೆಜ್ಜೆ. ಅಲ್ಲಿಂದ ಎರಡು ಮಾರು ಪಕ್ಕಕ್ಕೆ ಸರಿದು ಮತ್ತೆ ಈ ಕಡೆಗೆ. ಹೀಗೆ ಹದಿನಾರು ಸಲ. ನಡುವೆ ಒಮ್ಮೆ ನಿಂತು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾರೆ, ಕೂತು ಹುಲ್ಲು ಸರಿಸುತ್ತಾರೆ.

‘ಇಲ್ಲಿ ಕೆಳಗ ಇಲಿ ತೋಡ್ಯಾವು ನೋಡ್ರಿ. ಕಣ್ಣಿಗೆ ಕಾಣೂದಿಲ್ಲ, ಕಾಲಿಗೆ ಗೊತ್ತಾಗ್ತೈತಿ’ ಎಂದು ಸಿದ್ದರಾಯ ನನ್ನತ್ತ ನೋಡದೆಯೇ ಹೇಳುತ್ತಾರೆ. ಬಗಲಲ್ಲಿದ್ದ ಪುಟ್ಟಿಯಿಂದ ಮಣ್ಣು ತೆಗೆದು ಬಿಲಕ್ಕೆ ತುಂಬಿ, ಮುಷ್ಟಿಯಿಂದ ಜಡಿದು, ಮೇಲೆ ಅದೇ ಹುಲ್ಲನ್ನು ಕೂರಿಸಿ ಏಳುತ್ತಾರೆ.

ಐವತ್ತೊಂದರ ಸಿದ್ದರಾಯ ಈ ಮೈದಾನದ ಕಾವಲುಗಾರ, ಮಾಲಿ, ಗೆರೆ ಹಾಕುವವರು, ನೀರು ಬಿಡುವವರು, ಎಲ್ಲವೂ. ಮೂರು ವರ್ಷದ ಹಿಂದೆ ಇದು ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತಿದ್ದ ಎರೆನೆಲ. ಈಗ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಹಸಿರು ಮೈದಾನ ಇನ್ನೊಂದಿಲ್ಲ. ಇಂಡಿ, ಸಿಂದಗಿಯ ಕಾಲೇಜು ತಂಡಗಳು ಆಟಕ್ಕೆ ಬಂದಾಗ ಹುಡುಗರು ಮೊದಲು ಬಗ್ಗಿ ಹುಲ್ಲು ಮುಟ್ಟಿ ನೋಡುತ್ತಾರೆ. ಅದನ್ನು ಬೆಳೆಸಿದವರು ಯಾರೆಂದು ಕೇಳಿದವರು ಕಡಿಮೆ. ಅವರು ಹದಿಮೂರು ವರ್ಷ ಕೊಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದರ ಮೈದಾನದಲ್ಲಿ ದುಡಿದವರೆಂಬುದು ಕಾಲೇಜಿನಲ್ಲೇ ಅನೇಕರಿಗೆ ಗೊತ್ತಿಲ್ಲ.

ಸಿದ್ದರಾಯ ಸಿಂದಗಿ ತಾಲ್ಲೂಕಿನ ದೇವಣಗಾಂವದವರು. ಕುರಿ ಕಾಯುವ ಮನೆತನ. ಭೀಮಾ ದಂಡೆಯ ಮೇಲೆ ಕುರಿಗಳ ಹಿಂದೆ ನಡೆದು ಬೆಳೆದವರಿಗೆ ಹುಲ್ಲಿನ ಗುರುತು ಅಕ್ಷರಕ್ಕಿಂತ ಮೊದಲೇ ಆಗಿತ್ತು. 1991ರಲ್ಲಿ, ಕೊಲ್ಲಿ ಯುದ್ಧ ಮುಗಿದ ಕೆಲವೇ ತಿಂಗಳಿಗೆ, ಮುಂಬಯಿಯ ಏಜೆಂಟನೊಬ್ಬನ ಮೂಲಕ ಕ್ರೀಡಾಂಗಣದ ಕುರ್ಚಿ ಒರೆಸುವ ಕೆಲಸಕ್ಕೆ ಹೋದರು. ಹೆಂಡತಿ ಶೇವಂತೆವ್ವ, ಮೂರು ವರ್ಷದ ಮಗಳು ರಾಜಶ್ರೀಯನ್ನು ಕರೆದುಕೊಂಡು ಮುದ್ದೇಬಿಹಾಳದ ತವರಿಗೆ ಬಂದರು.

ಕ್ಲಬ್ಬಿನ ಹೆಸರು ಸಫೀನಾ. ‘ಹಡಗ ಅಂತ ಅರ್ಥರಿ. ಅಂಗಿ ಮ್ಯಾಲ ಹಡಗದ ಚಿತ್ರ ಇರ್ತಿತ್ತು’ ಎನ್ನುತ್ತಾರೆ. ಎರಡು ವರ್ಷ ಕುರ್ಚಿ ಒರೆಸಿದ ಮೇಲೆ ಒಂದು ದಿನ ಮೈದಾನದ ಹುಲ್ಲು ಅಲ್ಲಲ್ಲಿ ಹಳದಿಯಾದದ್ದು ಅವರ ಕಣ್ಣಿಗೆ ಬಿತ್ತು. ಮೇಲ್ವಿಚಾರಕ ನೀರು ಸಾಲದೆಂದು ಇನ್ನಷ್ಟು ನೀರು ಬಿಡಿಸುತ್ತಿದ್ದ. ಸಿದ್ದರಾಯ ಬೆರಳಿನಿಂದ ಬುಡ ಕೆದರಿ ಬೇರು ತಿನ್ನುತ್ತಿದ್ದ ಬಿಳಿ ಹುಳ ಹಿಡಿದು ಅಂಗೈಯಲ್ಲಿಟ್ಟುಕೊಂಡು ಕಚೇರಿಗೆ ಹೋದರು. ಮರುವಾರ ಅವರ ಕೈಗೆ ಹುಲ್ಲು ಕತ್ತರಿಸುವ ಯಂತ್ರ ಬಂತು.

‘ನನಗ ನಗಿ ಬಂದಿದ್ದು ಯಾತಕ್ಕಂದ್ರ, ಆ ಹುಲ್ಲ ನಮ್ಮ ಕರಕೀನ ಆಗಿತ್ರಿ. ಹೊಲದಾಗ ನಾವು ಅಗದ ಅಗದ ಒಗೀತೇವಲ್ಲ, ಅದ! ಅಲ್ಲಿ ಅದನ್ನ ಕೂಸಿನಂಗ ಜ್ವಾಕಿ ಮಾಡ್ತಿದ್ರು. ನಮ್ಮಪ್ಪ ಕೇಳಿದ್ರ ನಂಬತಿದ್ದಿಲ್ಲ.’

ಕರಕಿ ಎಂದರೆ ಗರಿಕೆ. ಅದಕ್ಕೆ ದಿನಕ್ಕೆ ಎರಡು ಸಲ ನೀರು. ಬಿಸಿಲು ನಲವತ್ತಾರು, ನಲವತ್ತೇಳು ಡಿಗ್ರಿ. ವಾರಕ್ಕೆ ಮೂರು ಸಲ ಕಟಾವು. ಆಟವಿದ್ದ ದಿನ ಎರಡು ಗಂಟೆ ಮುಂಚೆ ಸುಣ್ಣದ ಗೆರೆ. ಹದಿಮೂರು ವರ್ಷದಲ್ಲಿ ಹನ್ನೊಂದು ಕೋಚ್‌ಗಳು. ಬ್ರೆಜಿಲ್‌ನವರು, ಈಜಿಪ್ತಿನವರು, ಜರ್ಮನಿಯವರು. ನಾಲ್ಕು ಆಟ ಸೋತರೆ ಸೂಟ್‌ಕೇಸು ಹಿಡಿದು ಹೋಗುವುದು, ಹದಿನೈದು ದಿನದಲ್ಲಿ ಇನ್ನೊಬ್ಬರು ಬಂದಿಳಿಯುವುದು.

‘ಒಬ್ಬಾಂವ ಹುಲ್ಲ ಸಣ್ಣ ಇರಬೇಕಂತಾನ. ಅಂವ ಹೋದ ಮ್ಯಾಲ ಬಂದಾಂವ ಉದ್ದ ಇರಬೇಕಂತಾನ. ಇನ್ನೊಬ್ಬಾಂವ ಆಟಕ್ಕ ಮೊದಲ ನೆಲ ತೋಯಿಸು ಅಂತಾನ. ಕೋಚ್ ಬದಲಾಗ್ಯಾನಂತ ಹುಲ್ಲಿಗೇನ ಗೊತ್ತರಿ?’

ಅವರಲ್ಲಿ ಹೆಚ್ಚು ದಿನ, ಅಂದರೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ, ಉಳಿದವರು ಯುಗೋಸ್ಲಾವಿಯಾದ ಸ್ಲಾವ್ಕೊ. ಅರವತ್ತರ ಆಸುಪಾಸಿನ, ಎತ್ತರದ, ಕಡಿಮೆ ಮಾತಿನ ಮನುಷ್ಯ. ಆಟದ ದಿನ ಮುಂಜಾನೆ ಬೂಟು, ಕಾಲುಚೀಲ ಕಳಚಿಟ್ಟು ಸಿದ್ದರಾಯರ ಜೊತೆ ಇಡೀ ಮೈದಾನ ಬರಿಗಾಲಲ್ಲಿ ನಡೆಯುತ್ತಿದ್ದವರು ಅವರೊಬ್ಬರೇ. ಕಾಲಿನಿಂದ ನೆಲ ಓದುವುದನ್ನು ಕಲಿಸಿದವರೂ ಅವರೇ. ಇಬ್ಬರ ನಡುವೆ ಇದ್ದದ್ದು ಮೂವತ್ತು ನಲವತ್ತು ಇಂಗ್ಲಿಷ್ ಶಬ್ದ. ‘ಅವರ ದೇಶ ಒಡದು ಚೂರಾಗಿತ್ರಿ. ಮನಿ ಎಲ್ಲೈತಿ ಅಂತ ಒಂದ್ಸಲ ಕೇಳಿದ್ನಿ. ಕೈ ಹಿಂಗ ತಿರುವಿದ್ರು. ನನಗೂ ತಿಳೀತು, ಮತ್ತ ಕೇಳಲಿಲ್ಲ.’

ಸಿದ್ದರಾಯ ಎದ್ದು ಹೋಗಿ ನೀರಿನ ಪೈಪನ್ನು ಇನ್ನೊಂದು ಮಗ್ಗುಲಿಗೆ ಎಳೆದು ಹಾಕಿ ಬರುತ್ತಾರೆ.

1998ರ ಮಾರ್ಚ್. ಕಪ್ಪಿನ ಸೆಮಿಫೈನಲ್‌ಗೆ ಎರಡು ದಿನ ಉಳಿದಿತ್ತು, ತಂಡ ಬೇರೆ ಮೈದಾನದಲ್ಲಿ ತಾಲೀಮು ಮಾಡುತ್ತಿತ್ತು. ಮೈದಾನದ ಪೂರ್ವ ಮೂಲೆಯಲ್ಲಿ ನೆಲದಡಿಯ ನೀರಿನ ಕೊಳವೆ ಒಡೆಯಿತು. ಕೊಳವೆ ರಿಪೇರಿಯಾಯಿತು, ಆದರೆ ಅಷ್ಟರಲ್ಲಿ ಕೆಳಗಿನ ಮಣ್ಣು ರಾಡಿಯಾಗಿತ್ತು. ಸಿದ್ದರಾಯ ಓಡಿಹೋಗಿ ಕ್ಲಬ್ಬಿನ ಕಚೇರಿ ಅಧಿಕಾರಿಗೆ ಹೇಳಿದರು: ಒಣಗಲು ಐದಾರು ದಿನ ಬೇಕು, ಆಡಲಾಗದು. ಅಧಿಕಾರಿ ಬಂದು ನೋಡಿದ. ಮೇಲೆ ಉಸುಕು ಹಾಕು, ರೋಲರ್ ಹೊಡೆ, ಹಸಿರು ಬಣ್ಣ ಬಳಿ ಎಂದ. ದೊಡ್ಡ ಅತಿಥಿಗಳು ಬರುವವರಿದ್ದಾರೆ, ಟೀವಿಯವರು ಬರುವವರಿದ್ದಾರೆ, ಆಟ ಮುಂದೆ ಹೋಗುವಂತಿಲ್ಲ ಎಂದ. ಕೋಚ್‌ಗೆ ತಿಳಿದರೆ ಆಟ ಬೇಡವೆನ್ನುತ್ತಾನೆ, ಅವನಿಗೆ ಹೇಳಕೂಡದು ಎಂದ. ‘ನಿನ್ನ ಪಾಸ್‌ಪೋರ್ಟ್ ನನ್ನ ಕಪಾಟಿನಾಗ ಐತಿ ಅನ್ನೂದು ಮರೀಬ್ಯಾಡ’ ಎಂದೂ ಹೇಳಿದ. ಸಿದ್ದರಾಯ ಅವನು ಹೇಳಿದಂತೆ ಮಾಡಿದರು.

ಆಟದ ದಿನ ಸ್ಲಾವ್ಕೊ ಎಂದಿನಂತೆ ಬೂಟು ಬಿಚ್ಚಿದರು. ಪಶ್ಚಿಮದ ಕಡೆಯಿಂದ ನಡೆಯುತ್ತ ನಟ್ಟನಡುವಿಗೆ ಬಂದಿದ್ದರು. ಅಷ್ಟರಲ್ಲಿ ಕಚೇರಿಯಿಂದ ಯಾರೋ ಕರೆದರು, ಫೋನು ಬಂದಿದೆಯೆಂದು. ಸ್ಲಾವ್ಕೊ ನಿಂತಲ್ಲಿಂದಲೇ ಪೂರ್ವ ಮೂಲೆಯತ್ತ ಕೈ ತೋರಿಸಿ ಕೇಳಿದರು: ‘ಸಿದ್ದಿ, ಆ ಕಡೆ?’

‘ಗುಡ್, ಮಿಸ್ಟರ್ ಅಂದ್ನಿ’ ಎನ್ನುತ್ತಾರೆ ಸಿದ್ದರಾಯ. ‘ಅಷ್ಟರಿ. ಎರಡು ಶಬ್ದ. ಅವ್ರು ಹೆಬ್ಬೆರಳ ಎತ್ತಿ ತೋರಿಸಿ ಹೋದ್ರು. ಆ ಮನಷ್ಯಾ ನನ್ನ ಮ್ಯಾಲ ಅಷ್ಟ ನಂಬಿಕಿ ಇಟ್ಟಿದ್ದ.’

ಅರವತ್ತೆರಡನೇ ನಿಮಿಷ. ಹಮದ್ ಎಂಬ ಹತ್ತೊಂಬತ್ತರ ಆಟಗಾರ, ಆ ಊರಿನದೇ ಹುಡುಗ, ಚೆಂಡಿನೊಂದಿಗೆ ಪೂರ್ವ ಮೂಲೆಗೆ ನುಗ್ಗಿ ಒಳಕ್ಕೆ ತಿರುಗಿದ. ಜಾಹೀರಾತು ಹಲಗೆಗಳ ಹಿಂದೆ ಸಿದ್ದರಾಯ ಹತ್ತು ಮಾರು ದೂರದಲ್ಲಿ ಕೂತಿದ್ದರು. ‘ಕಾಲು ನೆಲದಾಗ ಸಿಕ್ಕೊಂಡು ನಿಂತತು, ಮೈ ಅಷ್ಟ ತಿರಗಿತು. ಎದುರಾಳಿ ಯಾರೂ ಮುಟ್ಟಲಿಲ್ಲರಿ. ಅಂವ ಚೀರಿದ್ದು ನನಗಷ್ಟ ಕೇಳಿತೋ ಎಲ್ಲಾರಿಗೂ ಕೇಳಿತೋ ಗೊತ್ತಿಲ್ಲ.’

ಮೊಣಕಾಲು ಹೋಗಿತ್ತು. ಸಫೀನಾ ಒಂದು ಗೋಲಿನಿಂದ ಸೋತಿತು. ಮರುದಿನ, ಕೋಚ್ ವಾರವಿಡೀ ಹುಡುಗನನ್ನು ದಣಿಸಿದ್ದ, ದಣಿದವನನ್ನೇ ಆಟಕ್ಕಿಳಿಸಿ ಅವನ ಕಾಲು ತೆಗೆದ ಎಂಬ ಮಾತು ಕಚೇರಿಯಿಂದಲೇ ಹೊರಟಿತು. ಪತ್ರಿಕೆಗಳೂ ಹಾಗೆಯೇ ಬರೆದವು. ನಾಲ್ಕನೇ ದಿನಕ್ಕೆ ಸ್ಲಾವ್ಕೊ ಅವರನ್ನು ಕೆಲಸದಿಂದ ತೆಗೆದರು.

ಹೊರಡುವ ದಿನ ಮುಂಜಾನೆ ಅವರು ಮೈದಾನಕ್ಕೆ ಬಂದರು. ಈ ಸಲ ಬೂಟು ಬಿಚ್ಚಲಿಲ್ಲ. ಸಿದ್ದರಾಯರ ಕೈ ಹಿಡಿದು ಕುಲುಕಿ, ಕೈ ಬಿಡದೆಯೇ ಕೇಳಿದರು: ‘ಸಿದ್ದಿ, ಆ ಮೂಲೆ ಮೆತ್ತಗಿತ್ತೆ?’

‘ನೋ, ಮಿಸ್ಟರ್ ಅಂದ್ನಿ. ಸ್ವಲ್ಪ ಹೊತ್ತ ನನ್ನ ಮಾರಿ ನೋಡಿದ್ರು. ಆಮ್ಯಾಲ ತಲಿ ತೂಗಿ ಹೊಂಟ್ರು.’ ಸಿದ್ದರಾಯ ಬೆರಳ ಸಂದಿನ ಮಣ್ಣನ್ನು ಒಂದೊಂದಾಗಿ ತೆಗೆಯುತ್ತಾರೆ. ‘ಮೊದಲನೇ ಸುಳ್ಳು ಅಂಜಿಕೀಲೆ ಹೇಳಿದ್ದು. ಅದಕ್ಕ ದೇವ್ರು ಮಾಫ್ ಮಾಡಬಹುದು. ಎರಡನೇದು ನಾಚಿಕೀಲೆ ಹೇಳಿದ್ದು. ಅವತ್ತ ಅವರ ಬಾಯಿಂದ ಆ ಪ್ರಶ್ನಿ ಬಂದಿದ್ದು ನಾ ಹೇಳಲಿ ಅಂತನ. ಹೇಳಿದ್ರ ಅವರ ಕಡೆ ಒಂದ ಸಾಕ್ಷಿ ಆದ್ರೂ ಇರ್ತಿತ್ತು.’

ಆಮೇಲೆ ಸಿದ್ದರಾಯ ಆರು ವರ್ಷ ಅಲ್ಲೇ ದುಡಿದರು. ಇನ್ನೂ ಐದು ಕೋಚ್‌ಗಳು ಬಂದು ಹೋದರು. ಹಮದ್‌ಗೆ ಎರಡು ಶಸ್ತ್ರಚಿಕಿತ್ಸೆಯಾದರೂ ಮತ್ತೆ ಆಡಲಾಗಲಿಲ್ಲ. ಕ್ಲಬ್ಬು ಅವನಿಗೆ ಟಿಕೆಟ್ ವಿಭಾಗದಲ್ಲಿ ಕೆಲಸ ಕೊಟ್ಟಿತು. ಕಾಲೆಳೆಯುತ್ತ ದಿನಾ ಮೈದಾನದ ಬದಿಯಿಂದ ಹಾದು ಹೋಗುವಾಗ ಅವನು ಸಿದ್ದರಾಯರಿಗೆ ಸಲಾಂ ಹೇಳುತ್ತಿದ್ದ.

2004ರಲ್ಲಿ ಮೈದಾನದ ಉಸ್ತುವಾರಿ ಒಂದು ಗುತ್ತಿಗೆ ಕಂಪನಿಗೆ ಹೋಯಿತು. ಹಳಬರನ್ನೆಲ್ಲ ಮನೆಗೆ ಕಳಿಸಿದರು. ಪಾಸ್‌ಪೋರ್ಟು ಕಾಯಮ್ಮಾಗಿ ಕೈಗೆ ಬಂದ ದಿನ ಸಿದ್ದರಾಯ ನೇರ ಹಮದ್‌ನ ಬಳಿ ಹೋಗಿ, ಅಷ್ಟು ವರ್ಷದಲ್ಲಿ ಕಲಿತ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದರು. ಕೊಳವೆ, ಉಸುಕು, ಬಣ್ಣ, ಎರಡು ಸುಳ್ಳು. ಹಮದ್ ಕೇಳಿಸಿಕೊಂಡ. ‘ಈಗ ಯಾಕೆ ಹೇಳಿದಿ?’ ಎಂದಷ್ಟೇ ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದ.

‘ಬೈದಿದ್ರ ಚೊಲೋ ಇತ್ತರಿ. ಹೊಡದಿದ್ರ ಇನ್ನೂ ಚೊಲೋ.’

ಮನೆಯಲ್ಲಿ ಶೇವಂತೆವ್ವ ಚಹಾ ಕೊಡುತ್ತ ಮಾತಿಗೆ ಕೂಡುತ್ತಾರೆ. ಗಂಡ ಊರಿಗೆ ಬಂದ ಮೇಲೆಯೇ ಅವರಿಗೆ ಈ ಸಂಗತಿ ತಿಳಿದದ್ದು. ‘ರಜಾಕ್ಕ ಬಂದಾಗೆಲ್ಲಾ ಸುಮ್ಮನ ಕುಂದ್ರತಿದ್ರು. ಅಲ್ಲಿ ಬಿಸಲ ಹತ್ತೇತಿ ಅನಕೊಂಡಿದ್ನಿ’ ಎನ್ನುತ್ತಾರೆ. ಹೇಳಿಬಿಟ್ಟಿದ್ದರೆ ನೌಕರಿ ಹೋಗುತ್ತಿತ್ತಲ್ಲ ಎಂದರೆ ಸೆರಗು ಸರಿಪಡಿಸಿಕೊಳ್ಳುತ್ತಾರೆ. ‘ಹೋದ್ರ ಹೋಗ್ತಿತ್ತು ಅಂತ ಈಗ ಅಂತೇನಿ. ಖರೆ ಹೇಳ್ಬೇಕಂದ್ರ ಆವಾಗ ಗೊತ್ತಾಗಿದ್ರ ಹಂಗ ಅಂತಿದ್ದಿಲ್ಲರಿ. ಮಗಳ ಸಾಲಿಗೆ ಹೊಂಟಿದ್ಲು. ಸುಮ್ಮನಿರ್ರಿ ಅಂತ ನಾನ ಹೇಳ್ತಿದ್ನಿ.’

ಊರಿಗೆ ಬಂದ ಸಿದ್ದರಾಯರನ್ನು ಮೈದಾನಕ್ಕೆ ಕರೆತಂದವರು ಕಾಲೇಜಿನ ದೈಹಿಕ ಶಿಕ್ಷಣ ಬೋಧಕ ಶ್ರೀಶೈಲ. ಮೊದಲ ವರ್ಷ ರೈತರು ಹೊಲದಿಂದ ಅಗೆದು ಬದುವಿಗೆ ಎಸೆದ ಕರಕಿಯನ್ನು ಸಿದ್ದರಾಯ ಚೀಲಗಟ್ಟಲೆ ಹೊತ್ತು ತಂದರು. ಬಸವನ ಬಾಗೇವಾಡಿಯ ಮಸೂತಿಯವರೆಗೂ ಹೋಗಿ ತಂದದ್ದುಂಟು. ತುಂಡು ಮಾಡಿ ಗೇಣಿಗೊಂದರಂತೆ ಊರಿದರು. ವಿದ್ಯಾರ್ಥಿ ನಿಲಯದ ಬಚ್ಚಲ ನೀರನ್ನು ಕಾಲುವೆ ತೋಡಿ ತಿರುಗಿಸಿದರು. ‘ಕಳೆ ತರಾಕ ಹೊಂಟಾನ, ಹುಚ್ಚ ಹಿಡದೈತಿ’ ಎಂದು ನಕ್ಕವರೇ ಹೆಚ್ಚು.

ಕಳೆದ ಸೆಪ್ಟೆಂಬರಿನಲ್ಲಿ ಇಲ್ಲಿ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ಇತ್ತು. ಹಿಂದಿನ ದಿನವಿಡೀ ಮಳೆ. ಎರೆಮಣ್ಣು ಒಳಗೆ ನೀರು ಕುಡಿದು ಉಬ್ಬಿತ್ತು. ಮೇಲೆ ಹುಲ್ಲು ಥಳಥಳ ಹೊಳೆಯುತ್ತಿತ್ತು. ಶಾಮಿಯಾನ ಎದ್ದಿತ್ತು, ಹಾರಗಳು ಬಂದಿದ್ದವು, ಮುಖ್ಯ ಅತಿಥಿಗಳ ಕಾರು ದಾರಿಯಲ್ಲಿತ್ತು. ಮುಂಜಾನೆ ನಡೆದು ನೋಡಿದ ಸಿದ್ದರಾಯ ನಾಲ್ಕೂ ಮೂಲೆಯ ಬಾವುಟ ಕಿತ್ತು ಬಗಲಲ್ಲಿಟ್ಟುಕೊಂಡು ನಿಂತುಬಿಟ್ಟರು. ‘ಆಡಾಕ ಬರೂದಿಲ್ಲರಿ’ ಎಂದರು. ಆಡಳಿತ ಮಂಡಳಿಯವರು ಎಲ್ಲರ ಮುಂದೆ ಏರುದನಿಯಲ್ಲಿ ಬೈದರು. ಸಿದ್ದರಾಯ ಕದಲಲಿಲ್ಲ.

‘ನನಗೂ ಸಿಟ್ಟ ಬಂದಿತ್ತು’ ಎಂದು ಶ್ರೀಶೈಲ ಒಪ್ಪಿಕೊಳ್ಳುತ್ತಾರೆ. ‘ಅಷ್ಟ ಮಂದಿ ಮುಂದ ಮರ್ಯಾದಿ ಹೋತು ಅನಿಸಿತ್ತು. ಆಮ್ಯಾಲ ನಾನ ಒಳಗ ಹೋಗಿ ಓಡಿ ನೋಡಿದ್ನಿ. ನಾಲ್ಕ ಹೆಜ್ಜಿಗೆ ಬೂಟು ಒಳಗ ಸಿಕ್ಕೊಂತು. ಆಟ ಎಂಟ ದಿನ ಮುಂದ ಹಾಕಿದ್ವಿ.’ ಮಂಡಳಿಯ ಕೆಲವರು ಇಂದಿಗೂ ಸಿದ್ದರಾಯರನ್ನು ಮಾತಾಡಿಸುವುದಿಲ್ಲ. ಕಾಯಂ ನೌಕರಿಗೆಂದು ಮೇಲೆ ಹೋಗಿದ್ದ ಅವರ ಹೆಸರು ಆ ತಿಂಗಳೇ ಹಿಂದೆ ಬಂತು.

ಆವತ್ತಿನ ಸುಳ್ಳಿಗೆ ಇದು ಸಮಾಧಾನವಾಯಿತೇ ಎಂದು ಕೇಳುತ್ತೇನೆ. ಸಿದ್ದರಾಯ ಇಲ್ಲವೆಂದು ತಲೆಯಾಡಿಸುತ್ತಾರೆ. ‘ಇದು ಬ್ಯಾರೆ, ಅದು ಬ್ಯಾರೆರಿ. ಇಲ್ಲಿ ಬಾವುಟ ಕಿತ್ತರ ಹಮದ್‌ನ ಕಾಲು ನೆಟ್ಟಗ ಆಗ್ತೈತೇನು?’

ಬಿಸಿಲು ಏರುತ್ತಿದೆ. ಫೋಟೊಗೆ ನಿಲ್ಲಲು ಸಿದ್ದರಾಯ ಒಪ್ಪುವುದಿಲ್ಲ. ಹುಲ್ಲಿನದು ತೆಗೆಯಿರಿ ಎನ್ನುತ್ತಾರೆ. ಸ್ಲಾವ್ಕೊ ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಅವರಿಗೆ ತಿಳಿಯದು. ಮನೆತನದ ಹೆಸರು ಕೂಡ ಸರಿಯಾಗಿ ನೆನಪಿಲ್ಲ, ನಾಲಿಗೆ ಹೊರಳುತ್ತಿರಲಿಲ್ಲ. ನಾನು ನೋಟ್‌ಬುಕ್ ಮುಚ್ಚುವುದನ್ನು ನೋಡಿ ಅವರು ಹತ್ತಿರ ಬರುತ್ತಾರೆ.

‘ನಿಮ್ಮ ಪೇಪರ ಅಲ್ಲೀತನಕ ಹೋಗೂದಿಲ್ಲ, ಗೊತ್ತೈತ್ರಿ. ಹೋದ್ರೂ ಅವ್ರಿಗೆ ಕನ್ನಡ ಬರೂದಿಲ್ಲ. ಆದ್ರೂ ಒಂದ ಮಾತ ಬರೀರಿ. ನನ್ನ ಹೊಗಳಿದ್ದು ಬೇಕಾದ್ರ ತೆಗದ ಬಿಡ್ರಿ, ಇದೊಂದ ಬಿಡಬ್ಯಾಡ್ರಿ. ಆ ಮೂಲಿ ಕೆಟ್ಟಿತ್ತು. ಅದು ಸಿದ್ದರಾಯಗ ಗೊತ್ತಿತ್ತು. ಕೋಚ್‌ದು ಏನೂ ತಪ್ಪಿದ್ದಿಲ್ಲ.’