ಗೋಡೆ ಎರಡು ಸಲ ಒಡೆಯದ ಅಕ್ಬರಸಾಬ

ಮೂಡಲಗಿಯ ಅಕ್ಬರಸಾಬ ವೈರಿಂಗ್ ಕೆಲಸಕ್ಕೆ ಇಳಿದು ಮೂವತ್ತೊಂದು ವರ್ಷ. ಗೋಕಾಕದಿಂದ ಹುಕ್ಕೇರಿಯವರೆಗೆ ಎಷ್ಟೋ ಖಾನಾವಳಿಗಳ ಗೋಡೆಯೊಳಗೆ ಅವನು ಎಳೆದ ವೈರು ಓಡುತ್ತಿದೆ. ಒಮ್ಮೆ ಒಡೆದು ಮುಚ್ಚಿದ ಗೋಡೆಯನ್ನು ತಾನು ಮತ್ತೆ ಒಡೆದವನಲ್ಲ ಎಂಬುದು ಅವನ ಹೆಮ್ಮೆ. ಯಾರು ಕೇಳಲಿ ಬಿಡಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಇದನ್ನೇ ಹೇಳುತ್ತಿದ್ದ. ತುಕ್ಕಾನಟ್ಟಿ ಬರುವುದರೊಳಗೆ ಅವರು ನಿದ್ದೆ ಹೋಗಿರುತ್ತಿದ್ದರು.

ನಕ್ಷೆ ಗಿಕ್ಷೆ ಅವನಿಗೆ ಆಗಿಬರುತ್ತಿರಲಿಲ್ಲ. ಅಡುಗೆಯವರನ್ನು ಖಾಲಿ ಕೋಣೆಗೆ ಕರೆದು, ಒಲೆಯಿಲ್ಲದೆ ಹಿಟ್ಟಿಲ್ಲದೆ ಪೂರ್ತಿ ಅಡುಗೆ ಮಾಡಿಸುತ್ತಿದ್ದ. ಅವರ ಕೈ ಹೋದಲ್ಲೆಲ್ಲ ಸೀಮೆಸುಣ್ಣದ ಗುರುತು, ಗುರುತಿದ್ದಲ್ಲಿ ಬಟನ್.

ಘಟಪ್ರಭಾ ಸ್ಟೇಷನ್ನಿನ ಹತ್ತಿರ ದಾಕ್ಷಾಯಿಣಿ ಎಂಬಾಕೆ ರೊಟ್ಟಿ ಖಾನಾವಳಿ ತೆರೆಯಲು ಹೊರಟು ಅವನನ್ನು ಕರೆಸಿದಾಗಲೂ ಹೀಗೇ ಆಯಿತು. ಪಾಪ, ಆ ಹೆಣ್ಣುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಲ್ಲೇ ಗಾಳಿಯಲ್ಲಿ ಹಿಟ್ಟು ನಾದಿದಳು, ಗಾಳಿಯಲ್ಲೇ ರೊಟ್ಟಿ ಬಡಿದಳು, ಇಲ್ಲದ ಮಿಕ್ಸರಿಗೆ ಇಲ್ಲದ ಶೇಂಗಾ ಸುರಿದಳು. ಬಾಗಿಲಲ್ಲಿ ಜನ ಕೂಡಿತು. ಬಾಜೂ ಚಹಾದಂಗಡಿಯ ಸಿದ್ರಾಯ ತನಗೂ ಎರಡು ರೊಟ್ಟಿ ಕಟ್ಟಿಕೊಡಲು ಕೇಳಿದ. ಚಟ್ನಿಗೆ ಖಾರ ಕಡಿಮೆ ಇರಲಿ ಎಂದೂ ಸೇರಿಸಿದ. ಅಕ್ಬರಸಾಬ ಮಾತ್ರ ನಗದೆ ಗುರುತು ಹಾಕುತ್ತ ಹೋದ. ಫ್ರಿಜ್ಜಿಗೊಂದು, ಮಿಕ್ಸರಿಗೊಂದು ಬೇರೆ ಬೇರೆ ವೈರು, ಒಲೆಗೆ ಗಾಳಿ ಊದುವ ಬ್ಲೋವರಿಗೆ ಅವಳ ಎದೆಯೆತ್ತರದಲ್ಲಿ ಬಟನ್. ಎಂಟು ದಿನಕ್ಕೆ ಗೋಡೆ ಮುಚ್ಚಿ ಬಣ್ಣವೂ ಆಯಿತು. ಒಲೆ ಕಟ್ಟುವವನು ಬಂದದ್ದು ಆಮೇಲೆ.

ಖಾನಾವಳಿ ತೆರೆಯುವ ಹಿಂದಿನ ದಿನ ನಿಜವಾದ ಹಿಟ್ಟಿನಲ್ಲಿ ಅಡುಗೆ. ಅಕ್ಬರಸಾಬ ಹೆಂಡತಿ ರಹಿಮಾಬಿಯನ್ನೂ ಊಟಕ್ಕೆ ಕರೆತಂದಿದ್ದ. ದಾಕ್ಷಾಯಿಣಿ ಒಂದು ಮಣೆ ಎಳೆದುಕೊಂಡು ಒಲೆಯ ಮುಂದೆ ನೆಲಕ್ಕೆ ಕೂತಳು. ಉರಿ ಹೆಚ್ಚಾಯಿತು, ಎದ್ದು ಬ್ಲೋವರ್ ಬಂದ್ ಮಾಡಿದಳು. ಕೂತಳು. ಉರಿ ಇಳಿಯಿತು, ಮತ್ತೆ ಎದ್ದು ಚಾಲೂ ಮಾಡಿದಳು. ಐದನೇ ರೊಟ್ಟಿಗೆ ಅವಳ ಮೊಣಕಾಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು.

ಗುರುತು ಹಾಕಿದ ದಿನ ನಿಂತುಕೊಂಡೇಕೆ ರೊಟ್ಟಿ ಬಡಿದೆ ಎಂದು ಅಕ್ಬರಸಾಬ ಕೇಳಿದ.

"ಅಷ್ಟ ಮಂದಿ ನೋಡಾಕತ್ತಿದ್ರು ಕಾಕಾ. ಎಲ್ಲಾರ ಮುಂದ ಖಾಲಿ ನೆಲದಾಗ ಕುಂತು ಬರೇ ಗಾಳಿ ಬಡ್ಯಾಕ ನಾಚಿಕಿ ಬಂತು."

ಅಕ್ಬರಸಾಬ ಬಟನ್ನಿಗೂ ಕೂತವಳ ಕೈಗೂ ಇರುವ ಅಂತರವನ್ನು ಕಣ್ಣಲ್ಲೇ ಅಳೆದ. ಗೋಡೆ ಒಡೆದರೆ ಮೂವತ್ತೊಂದು ವರ್ಷದ ಮಾತು ಮಣ್ಣುಪಾಲು. ಒಡೆಯದಿದ್ದರೆ ಈ ಹೆಣ್ಣುಮಗಳು ದಿನಕ್ಕೆ ಇನ್ನೂರು ಬೈಠಕ್ ಹೊಡೆಯಬೇಕು. ಬಟನ್ನಿಗೆ ದಾರ ಕಟ್ಟಿ ಎಳೆಯುವುದು ಹೇಗೆ ಎಂದು ಯೋಚಿಸಿದ. ಕೊನೆಗೆ, ಮೂರಡಿ ಕಟ್ಟೆ ಕಟ್ಟಿಸಿ ದಾಕ್ಷಾಯಿಣಿಯನ್ನು ಒಲೆ ಸಮೇತ ಮೇಲೆ ಕೂರಿಸಿಬಿಡೋಣ ಎಂದ. ಹಾಗಾದರೆ ಗಿರಾಕಿಗಳು ಕಾಯಿ ಕರ್ಪೂರ ತರಬೇಕೇನು ಎಂದು ಬಾಗಿಲಲ್ಲಿ ನಿಂತಿದ್ದ ಸಿದ್ರಾಯ ವಿಚಾರಿಸಿದ.

ರಹಿಮಾಬಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ನಮ್ಮನ್ಯಾಗ ಮಿಕ್ಸರಿನ ಬಟನ್ ನಿಮ್ಮ ಎತ್ತರಕ್ಕ ಐತಿ. ಹತ್ತೊಂಬತ್ತ ವರ್ಷ ಆತು, ಹಿಟ್ಟಿನ ಡಬ್ಬಿ ಮ್ಯಾಲ ಹತ್ತಿ ಒತ್ತಾಕತ್ತೇನಿ. ಊರ ಹೆಣ್ಮಕ್ಕಳ ಕೈ ಎಲ್ಲಾ ಅಳತಿ ಮಾಡೀರಿ, ನನ್ನ ಕೈ ಎಲ್ಲಿತನಕ ಬರತೈತಿ ಅಂತ ಒಂದಿನ ಕೇಳಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಅವನು ತೊದಲಿದ.

"ಗ್ವಾಡಿ ಎರಡ ಸಲ ಒಡ್ಯಾಂವಲ್ಲ ಅಂತ ಹೇಳ್ಕೋಂತ ಅಡ್ಡಾಡತಿದ್ರಿ. ನಿಮ್ಮ ಮಾತ ಯಾಕ ಕೆಡಸೂದು ಅಂತ ಸುಮ್ನಿದ್ದೆ."

 ಅಕ್ಬರಸಾಬ ತಟ್ಟೆಯ ರೊಟ್ಟಿಯನ್ನು ಮುಟ್ಟದೆ ಬದಿಗೆ ಸರಿಸಿದ. ಎದ್ದು ಮೇನ್ ಸ್ವಿಚ್ ಬಂದ್ ಮಾಡಿದ, ಉಳಿ ಸುತ್ತಿಗೆ ತೆಗೆದು ಹೊಸ ಬಣ್ಣದ ಗೋಡೆಗೆ ಬಡಿದ. ನೆಲ ತೊಳೆದ ನೀರು ಸಿಡಿಯದಷ್ಟು ಮೇಲೆ, ಕೂತವಳ ಕೈಗೆ ಸಿಗುವಷ್ಟು ಕೆಳಗೆ ಬಟನ್ ಇಳಿಸಿದ. ಸಿದ್ರಾಯ ಏನೋ ಹೇಳಲು ಬಾಯಿ ತೆರೆದವನು ಅವನ ಮುಖ ನೋಡಿ ಚಹಾ ತಂದುಕೊಟ್ಟ.

ಮರುದಿನ ಖಾನಾವಳಿ ತೆರೆಯಿತು. ಅಕ್ಬರಸಾಬ ಬರಲಿಲ್ಲ. ಅವನು ಮೂಡಲಗಿಯ ತನ್ನ ಮನೆಯಲ್ಲಿ ರಹಿಮಾಬಿಯನ್ನು ಗೋಡೆಯ ಮುಂದೆ ನಿಲ್ಲಿಸಿ, ಇಲ್ಲದ ಶೇಂಗಾ ಪುಡಿ ಮಾಡಲು ಹೇಳುತ್ತಿದ್ದ. ಅವಳು ನಗು ತಡೆಯಲಾಗದೆ ಕೈ ಚಾಚಿದಳು. ಅವನು ಅಲ್ಲಿ ಗುರುತು ಹಾಕಿ, ಡಬ್ಬಿಯನ್ನು ಹಿತ್ತಲಿಗೆ ಒಯ್ದಿಟ್ಟು ಬಂದ.